ಪಾಲಿಅನಿಲೀನ್ ಲೇಪ ದಿನೇ ದಿನೇ ಚುರುಕಾಗುತ್ತಿದೆ: ಇದು ನಿಜವಾದ ವೇಗವರ್ಧನೆಯೇ (ಕ್ಯಾಟಲಿಸಿಸ್)?

ಹಸಿರುಪದರ (ಚರ್ಚೆ ಆರಂಭಿಸಿದವರು)

ನಮಸ್ಕಾರ. ಐದು ದಿನಗಳಿಂದ ಒಂದೇ ಗ್ರಾಫ್ ನೋಡುತ್ತಾ ಕುಳಿತಿದ್ದೇನೆ. ಖುಷಿಪಡಬೇಕೋ ಹೆದರಬೇಕೋ ತಿಳಿಯುತ್ತಿಲ್ಲ.

ಮಾಡಿದ್ದು ಇಷ್ಟು. 3 ಮಿಲಿಮೀಟರ್ ವ್ಯಾಸದ ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡನ್ನು ಅಲ್ಯುಮಿನಾ ಪುಡಿಯಲ್ಲಿ ಉಜ್ಜಿ ಕನ್ನಡಿಯಂತೆ ಮಾಡಿಕೊಂಡೆ. 0.5 ಮೋಲಾರ್ ಗಂಧಕಾಮ್ಲದಲ್ಲಿ 0.1 ಮೋಲಾರ್ ಅನಿಲೀನ್ ಬೆರೆಸಿ, −0.2ರಿಂದ +0.9 ವೋಲ್ಟ್‌ವರೆಗೆ ವೋಲ್ಟೇಜು ಏರಿಸಿ ಇಳಿಸುತ್ತಾ 25 ಸುತ್ತು ಓಡಿಸಿದೆ (ಎಲ್ಲ ವೋಲ್ಟ್‌ಗಳೂ ಸಿಲ್ವರ್–ಸಿಲ್ವರ್ ಕ್ಲೋರೈಡ್ ರೆಫರೆನ್ಸ್‌ಗೆ ಹೋಲಿಸಿ). ಕಪ್ಪು ಕಾರ್ಬನ್ ಮೇಲೆ ಒಳ್ಳೆಯ ಹಸಿರು ಮಿರುಗು ಬಂತು, ಅದೇ ವಿದ್ಯುತ್ ಹರಿಸುವ ಪಾಲಿಮರ್ ಆದ ಪಾಲಿಅನಿಲೀನ್ ಪದರ. ತೊಳೆದು, ಅನಿಲೀನ್ ಇಲ್ಲದ ಹೊಸ ಆಮ್ಲದಲ್ಲಿಟ್ಟು 0ರಿಂದ −0.8 ವೋಲ್ಟ್‌ವರೆಗೆ ದಿನಕ್ಕೆ 500 ಸುತ್ತಿನಂತೆ ಜಲಜನಕ ಬಿಡಿಸುತ್ತಾ ಹೋದೆ.

ಚದರ ಸೆಂಟಿಮೀಟರಿಗೆ 1 ಮಿಲಿಆಂಪಿಯರ್ ಸಿಗಲು ಮೊದಲ ದಿನ −0.71 ವೋಲ್ಟ್ ಬೇಕಾಗಿತ್ತು. ಐದನೆಯ ದಿನ −0.36 ಸಾಕಾಯಿತು! ಟಾಫೆಲ್ ಇಳಿಜಾರು (ಕರೆಂಟು ಹತ್ತು ಪಟ್ಟಾಗಲು ಬೇಕಾಗುವ ಹೆಚ್ಚುವರಿ ವೋಲ್ಟೇಜು) 119 ಮಿಲಿವೋಲ್ಟ್‌ನಿಂದ 41ಕ್ಕೆ ಬಂತು. ಲೇಪವಿಲ್ಲದ ಬರಿಯ ಕಾರ್ಬನ್ನನ್ನೂ ಹೀಗೆಯೇ ಐದು ದಿನ ಓಡಿಸಿದ್ದೇನೆ. ಅದು −0.74ರಿಂದ −0.66ಕ್ಕೆ ಬಂದು ನಿಂತಿತು, ಅಷ್ಟೇ. ಹಾಗಾದರೆ ಈ ಲಾಭವೆಲ್ಲ ಪಾಲಿಮರ್‌ನದೇ ತಾನೇ? ಲೋಹವೇ ಇಲ್ಲದ ವೇಗವರ್ಧಕ ಎಂದು ಬರೆದುಕೊಳ್ಳಬಹುದೇ?

ಸುಮ್ಮನೆ_ಓದುಗ

ಅಭಿನಂದನೆಗಳು! ಫೋಟೊ ಹಾಕಿ.

ಸಂದೇಹಪ್ರಾಣಿ

ಅಭಿನಂದನೆಗೆ ಅವಸರ ಬೇಡ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹಸಿರಾಗಿರುವುದೆಲ್ಲ ವೇಗವರ್ಧಕವೂ ಅಲ್ಲ.

ನನ್ನ ಮೊದಲ ಅನುಮಾನ ಮೇಲ್ಮೈ ವಿಸ್ತೀರ್ಣದ ಮೇಲೆ. ಪಾಲಿಅನಿಲೀನ್ ಸ್ಪಂಜಿನಂತೆ ಬೆಳೆಯುತ್ತದೆ. ನೀವು ಭಾಗಿಸುತ್ತಿರುವುದು 3 ಮಿಲಿಮೀಟರ್ ವೃತ್ತದ ವಿಸ್ತೀರ್ಣದಿಂದ, ಒಳಗಿರುವ ನಿಜವಾದ ಮೇಲ್ಮೈ ಅದರ ಎಷ್ಟೋ ಪಟ್ಟು ಇರಬಹುದು. ಜಾಗ ಹೆಚ್ಚಾದರೆ ಕರೆಂಟು ಹೆಚ್ಚುತ್ತದೆ, ಅದರಲ್ಲಿ ರಸಾಯನಶಾಸ್ತ್ರದ ಜಾಣತನ ಏನೂ ಇಲ್ಲ.

ಇಳಿಜಾರುರೇಖೆ

@ಸಂದೇಹಪ್ರಾಣಿ, ವಿಸ್ತೀರ್ಣದ ವಾದ ಇಲ್ಲಿ ನಿಲ್ಲುವುದಿಲ್ಲ. ಜಾಗ ಹತ್ತು ಪಟ್ಟಾದರೆ ಟಾಫೆಲ್ ಗೆರೆ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಅದರ ಇಳಿಜಾರು ಬದಲಾಗುವುದಿಲ್ಲ. ಇವರದು 119ರಿಂದ 41ಕ್ಕೆ ಬಂದಿದೆ. ಅಂದರೆ ಕ್ರಿಯೆ ನಡೆಯುವ ದಾರಿಯೇ ಬದಲಾಗಿದೆ. ಆಮ್ಲದಲ್ಲಿ 120ರ ಆಸುಪಾಸು ಎಂದರೆ ಪ್ರೋಟಾನ್ ಮೊದಲ ಬಾರಿ ಎಲೆಕ್ಟ್ರಾನ್ ಪಡೆದು ಮೇಲ್ಮೈಗೆ ಅಂಟಿಕೊಳ್ಳುವ ಹಂತವೇ ನಿಧಾನ ಎಂದರ್ಥ. ಕಾರ್ಬನ್ ಎಲೆಕ್ಟ್ರೋಡಿನಲ್ಲಿ ಅದು ಸಹಜ. 30–40ಕ್ಕೆ ಇಳಿಯಿತು ಎಂದರೆ ಅಂಟಿಕೊಳ್ಳುವುದು ಸಲೀಸಾಗಿದೆ, ಅಂಟಿಕೊಂಡ ಜಲಜನಕ ಜೋಡಿಯಾಗಿ ಹೊರಬೀಳುವುದಷ್ಟೇ ಬಾಕಿ.

ಆ 30 ಯಾವ ಲೋಹದ ಸಹಿ ಎಂದು ಈ ವಿಷಯ ಓದಿದ ಎಲ್ಲರಿಗೂ ಗೊತ್ತು. ಹೆಸರು ಈಗಲೇ ಹೇಳುವುದಿಲ್ಲ. ಮೊದಲು ಒಂದು ಪ್ರಶ್ನೆ: ದ್ರಾವಣದ ರೋಧಕ್ಕೆ ತಿದ್ದುಪಡಿ ಮಾಡಿದ್ದೀರಾ? ಅತಿಯಾಗಿ ತಿದ್ದಿದರೂ ಇಳಿಜಾರು ಸುಳ್ಳುಸುಳ್ಳೇ ಕಡಿಮೆಯಾಗಿ ಕಾಣುತ್ತದೆ.

ಹಸಿರುಪದರ

ಇಲ್ಲ ಸರ್, ಯಾವ ತಿದ್ದುಪಡಿಯೂ ಇಲ್ಲ. ಉಪಕರಣ ಕೊಟ್ಟ ಅಂಕಿಗಳನ್ನೇ ಬರೆದಿದ್ದೇನೆ.

ಇಳಿಜಾರುರೇಖೆ

ಹಾಗಿದ್ದರೆ ಇನ್ನೂ ಗುಮಾನಿ. ಪದರದ ರೋಧ ಸೇರಿದರೆ ಇಳಿಜಾರು ಹೆಚ್ಚಬೇಕು, ನಿಮ್ಮದು ಕಡಿಮೆಯಾಗಿದೆ.

ಗಾಜಿನಕಡ್ಡಿ

ಎಲ್ಲರೂ ಯಾಕೆ ಇಷ್ಟು ಅನುಮಾನಪಡುತ್ತಿದ್ದೀರಿ? ವಾಹಕ ಪಾಲಿಮರ್‌ಗೆ ನೊಬೆಲ್ ಬಹುಮಾನವೇ ಬಂದಿದೆ. 1977ರಲ್ಲಿ ಪಾಲಿಅನಿಲೀನ್ ಕಂಡುಹಿಡಿದಾಗಿನಿಂದ ಇವು ಲೋಹದಂತೆ ಕೆಲಸ ಮಾಡುತ್ತವೆ ಎಂದು ಗೊತ್ತೇ ಇದೆ. ಲೋಹದಂತೆ ವಿದ್ಯುತ್ ಹರಿಸುವುದು ಲೋಹದಂತೆ ವೇಗವರ್ಧಿಸಿದರೆ ಆಶ್ಚರ್ಯವೇನು?

ಹಳೆಯಬೀಕರ್

ಒಂದೇ ಉಸಿರಿನಲ್ಲಿ ಎರಡು ತಪ್ಪು, ಗಾಜಿನಕಡ್ಡಿಯವರೇ.

1977ರದು ಪಾಲಿಅಸಿಟಿಲೀನ್. ಶಿರಾಕಾವಾ, ಮ್ಯಾಕ್‌ಡಯರ್ಮಿಡ್, ಹೀಗರ್ ಅದಕ್ಕೆ ಅಯೋಡಿನ್ ಆವಿ ತಾಗಿಸಿದಾಗ ವಾಹಕತೆ ಲಕ್ಷ, ಕೋಟಿ ಪಟ್ಟುಗಳ ಲೆಕ್ಕದಲ್ಲಿ ಏರಿತು, ಆ ಕೆಲಸಕ್ಕೆ 2000ದಲ್ಲಿ ನೊಬೆಲ್ ಬಂತು. ಪಾಲಿಅನಿಲೀನ್ ಅದಕ್ಕಿಂತ ಒಂದು ಶತಮಾನ ಹಳೆಯದು. 1862ರಲ್ಲೇ ಲೆದಬಿ ಎಂಬಾತ ಅನಿಲೀನ್ ಬೆರೆಸಿದ ಗಂಧಕಾಮ್ಲಕ್ಕೆ ಬ್ಯಾಟರಿ ಜೋಡಿಸಿ, ಪ್ಲಾಟಿನಂ ಮೇಲೆ ಬಣ್ಣ ಬದಲಿಸುವ ಪದರ ಕೂತದ್ದನ್ನು ಬರೆದಿಟ್ಟಿದ್ದಾನೆ. ನೀವೆಲ್ಲ ಇಂದು ಮಾಡುತ್ತಿರುವುದು ಹೆಚ್ಚುಕಡಿಮೆ ಅದೇ ಪ್ರಯೋಗ. ಪಾಲಿಪೈರೋಲ್ ಎಂಬ ಇನ್ನೊಂದು ಪಾಲಿಮರ್ ವಿದ್ಯುತ್ ಹರಿಸುತ್ತದೆ ಎಂದು ಆಸ್ಟ್ರೇಲಿಯಾದ ವೈಸ್ ತಂಡ 1963ರಲ್ಲೇ ಪ್ರಕಟಿಸಿತ್ತು. ನೊಬೆಲ್ ಬಂದ ದಿನವೇ ವಿಜ್ಞಾನ ಹುಟ್ಟಿತು ಎಂದುಕೊಳ್ಳಬಾರದು.

ಎರಡನೆಯದು ಇನ್ನೂ ದೊಡ್ಡ ತಪ್ಪು. ವಾಹಕತೆ ಬೇರೆ, ವೇಗವರ್ಧನೆ ಬೇರೆ. ಬಸ್ಸಿನಲ್ಲಿ ನಿರ್ವಾಹಕ ಇದ್ದಾನೆಂದು ಬಸ್ಸು ಓಡುವುದಿಲ್ಲ, ಅದಕ್ಕೆ ಚಾಲಕ ಬೇಕು. ತಾಮ್ರದ ವಾಹಕತೆ ಸೆಂಟಿಮೀಟರಿಗೆ ಸುಮಾರು 6 ಲಕ್ಷ ಸೀಮೆನ್ಸ್, ಪಾಲಿಅನಿಲೀನ್‌ನದು ಸಾಮಾನ್ಯವಾಗಿ ಬೆರಳೆಣಿಕೆಯಷ್ಟು ಸೀಮೆನ್ಸ್. ವಾಹಕತೆಯೇ ಮಾನದಂಡವಾಗಿದ್ದರೆ ಜಲಜನಕ ಬಿಡಿಸಲು ಯಾರೂ ಪ್ಲಾಟಿನಂ ಕೊಳ್ಳುತ್ತಿರಲಿಲ್ಲ, ತಾಮ್ರದ ತಂತಿಯಲ್ಲೇ ಮುಗಿಸುತ್ತಿದ್ದರು. ಕ್ರಿಯೆಯ ನಡುವಿನ ಅಣುವನ್ನು ಹಿಡಿದುಕೊಳ್ಳುವ ಜಾಗ ಮೇಲ್ಮೈಯಲ್ಲಿ ಇರಬೇಕು. ಬಲವಾಗಿ ಹಿಡಿದರೂ ಕೆಟ್ಟಿತು, ಸಡಿಲವಾಗಿ ಹಿಡಿದರೂ ಕೆಟ್ಟಿತು.

ಗಾಜಿನಕಡ್ಡಿ

ಸರಿ, ಇಸವಿಯ ವಿಷಯ ಒಪ್ಪಿದೆ. ಎರಡನೆಯದನ್ನು ಪೂರ್ತಿ ಒಪ್ಪುವುದಿಲ್ಲ. ಪೆಡಾಟ್ ಎಂಬ ಇನ್ನೊಂದು ವಾಹಕ ಪಾಲಿಮರಿನ ಪದರ ಆಮ್ಲಜನಕವನ್ನು ಅಪಕರ್ಷಿಸುವುದರಲ್ಲಿ (ಅಂದರೆ ಅದಕ್ಕೆ ಎಲೆಕ್ಟ್ರಾನ್ ಕೊಡುವುದರಲ್ಲಿ) ಪ್ಲಾಟಿನಂಗೆ ಸಮ ಎಂದು ದೊಡ್ಡ ಪತ್ರಿಕೆಯಲ್ಲೇ ಬಂದಿತ್ತಲ್ಲ?

ಪೆಡಾಟ್‌ಪ್ರಿಯೆ

ಬಂದಿತ್ತು. 2008ರಲ್ಲಿ, ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಂಡದ ಕೆಲಸ. ಗಾಳಿಯಾಡುವ ಪೊರೆಯ ಮೇಲೆ ಆವಿಯ ರೂಪದಲ್ಲೇ ಪೆಡಾಟ್ ಬೆಳೆಸಿ ಗಾಳಿ ಎಲೆಕ್ಟ್ರೋಡ್ ಮಾಡಿದ್ದರು. 1500 ಗಂಟೆ ಓಡಿಸಿದರೂ ಸೊರಗಲಿಲ್ಲ. ಪ್ಲಾಟಿನಂಗೆ ವಿಷವಾಗುವ ಕಾರ್ಬನ್ ಮಾನಾಕ್ಸೈಡ್ ಹಾಯಿಸಿದರೂ ಅದಕ್ಕೆ ಏನೂ ಆಗಲಿಲ್ಲ. ಆ ಲೇಖನ ಓದಿಯೇ ನಾನು ಈ ಕ್ಷೇತ್ರಕ್ಕೆ ಬಂದದ್ದು, ಹಾಗಾಗಿ ಅದರ ಮೇಲೆ ನನಗೆ ಪಕ್ಷಪಾತ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಆದರೂ ಕೇಳಿ. ಆವಿಯಲ್ಲಿ ಪೆಡಾಟ್ ಬೆಳೆಸಲು ಕಬ್ಬಿಣದ ಲವಣ ಬೇಕು, ಉತ್ಕರ್ಷಕವಾಗಿ (ಎಲೆಕ್ಟ್ರಾನ್ ಕಸಿಯಲು) ಬಳಸುವುದು ಕಬ್ಬಿಣದ ಟಾಸಿಲೇಟ್. ಎಷ್ಟು ತೊಳೆದರೂ ಚೂರು ಕಬ್ಬಿಣ ಪದರದಲ್ಲಿ ಉಳಿಯಬಹುದು, ಮತ್ತು ಕಬ್ಬಿಣ ಆಮ್ಲಜನಕದ ಜೊತೆ ಸುಮ್ಮನೆ ಕೂರುವ ಲೋಹವಲ್ಲ. ಇನ್ನೊಂದು ವಿಷಯ: ಆಮ್ಲಜನಕ ನಾಲ್ಕು ಎಲೆಕ್ಟ್ರಾನ್ ಪಡೆದು ನೀರಾಗುವುದು ಒಂದು ದಾರಿ, ಎರಡೇ ಪಡೆದು ಹೈಡ್ರೋಜನ್ ಪೆರಾಕ್ಸೈಡ್ ಆಗಿ ನಿಲ್ಲುವುದು ಇನ್ನೊಂದು. ಪೆಡಾಟ್ ಪದರಗಳಲ್ಲಿ ಎರಡನೆಯದು ಎಷ್ಟೋ ಬಾರಿ ಕಂಡುಬಂದಿದೆ, ಅದಕ್ಕೆ ಪದರ ಬೆಳೆಸಿದ ವಿಧಾನವೂ ಕಾರಣ. ಬರೀ ಕರೆಂಟು ನೋಡಿದರೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ತಿರುಗುವ ಬಿಲ್ಲೆಯ ಸುತ್ತ ಉಂಗುರ ಇರುವ ಎಲೆಕ್ಟ್ರೋಡ್ ಹಾಕಿ, ಉಂಗುರಕ್ಕೆ ಪೆರಾಕ್ಸೈಡ್ ಬಂದು ತಾಗುತ್ತದೆಯೇ ಎಂದು ನೋಡಬೇಕು.

ಪೆಡಾಟ್ ನಿಸ್ಸಂಶಯವಾಗಿ ಗೆದ್ದ ಜಾಗ ಒಂದಿದೆ: ಬಣ್ಣ ಹೀರಿದ ಸೌರಕೋಶಗಳು. ಅಲ್ಲಿ ಅಯೋಡೈಡ್ ಬದಲು ಕೋಬಾಲ್ಟ್ ಸಂಕೀರ್ಣ ಬಳಸಿದಾಗ ಎದುರಿನ ಎಲೆಕ್ಟ್ರೋಡ್ ಮೇಲೆ ಪ್ಲಾಟಿನಂಗಿಂತ ಪೆಡಾಟೇ ಮೇಲು. ಒಂದು ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ಸರಳ ವ್ಯವಹಾರ ಅದು, ಬಂಧ ಮುರಿಯುವ ತಂಟೆ ಇಲ್ಲ.

ಕೆಪಾಸಿಟರ್‌ಪ್ರೇಮಿ

ಕಂಪ್ಯೂಟರಿನ ಮದರ್‌ಬೋರ್ಡ್ ಮೇಲಿನ ಪಾಲಿಮರ್ ಕೆಪಾಸಿಟರ್‌ಗಳಲ್ಲೂ ಪೆಡಾಟ್ ಇರುತ್ತದೆ. ವೇಗವರ್ಧನೆಗೆ ಸಂಬಂಧವಿಲ್ಲ, ಪೆಡಾಟ್ ಎಂದಾಗ ಹೇಳಬೇಕೆನಿಸಿತು.

ಪದಶೋಧ

ನಾನೂ ವಿಷಯಾಂತರ ಮಾಡುತ್ತೇನೆ. ‘ಅನಿಲೀನ್’ ಎಂದು ಓದಿದಾಗ ನಮ್ಮವರಲ್ಲಿ ಅರ್ಧ ಜನ ಅದಕ್ಕೂ ಅನಿಲಕ್ಕೂ ನಂಟು ಹಾಕುತ್ತಾರೆ. ಅನಿಲವೂ ಅಲ್ಲ, ಗಾಳಿಯೂ ಅಲ್ಲ, ಅದು ನೀಲಿ! ನೀಲಿ ಬಣ್ಣವನ್ನು ಬಟ್ಟಿ ಇಳಿಸಿದಾಗ 1826ರಲ್ಲಿ ಮೊದಲು ಸಿಕ್ಕ ಎಣ್ಣೆ ಇದು. ನಮ್ಮ ‘ನೀಲಿ’ ಪದ ಅರಬ್ಬಿಗೆ ಹೋಗಿ, ಅಲ್ಲಿಂದ ಪೋರ್ಚುಗೀಸರ ಬಾಯಲ್ಲಿ ‘ಅನಿಲ್’ ಆಗಿ, ಜರ್ಮನ್ ರಸಾಯನಶಾಸ್ತ್ರಜ್ಞರ ಕೈಯಲ್ಲಿ ಅನಿಲೀನ್ ಆಯಿತು. ಈಗ ಅದರಿಂದ ಹಸಿರು ಪದರ ಬೆಳೆಸುತ್ತಿದ್ದೀರಿ.

ಸುಮ್ಮನೆ_ಓದುಗ

ಇಷ್ಟು ವರ್ಷ ನಾನೂ ಅನಿಲ ಎಂದೇ ತಿಳಿದಿದ್ದೆ.

ಮೂರನೆಯತಂತಿ

ಚರ್ಚೆ ಪದಕೋಶದ ಕಡೆಗೆ ಹರಿಯುವ ಮೊದಲು ಹಸಿರುಪದರ ಅವರಿಗೆ ಒಂದೇ ಪ್ರಶ್ನೆ. ಅಲ್ಯುಮಿನಾ ಪುಡಿಯಿಂದ ಹಿಡಿದು ಸುತ್ತುಗಳ ಲೆಕ್ಕದವರೆಗೆ ಎಲ್ಲ ಬರೆದಿದ್ದೀರಿ. ಕೋಶದಲ್ಲಿ ಮೂರು ಎಲೆಕ್ಟ್ರೋಡ್ ಇರಬೇಕು, ನಿಮ್ಮ ಬರಹದಲ್ಲಿ ಎರಡೇ ಇವೆ. ಕೌಂಟರ್, ಅಂದರೆ ಕರೆಂಟಿನ ಸುತ್ತು ಪೂರ್ತಿಗೊಳಿಸುವ ಎಲೆಕ್ಟ್ರೋಡ್ ಯಾವುದು?

ಹಸಿರುಪದರ

ಪ್ಲಾಟಿನಂ ತಂತಿ, ಸುರುಳಿ ಸುತ್ತಿದ್ದು. ಎಲ್ಲರೂ ಬಳಸುವಂಥದ್ದೇ. ಅದರ ಬಗ್ಗೆ ಬರೆಯಬೇಕು ಎಂದು ಅನಿಸಲೇ ಇಲ್ಲ.

ಇಳಿಜಾರುರೇಖೆ

ಮುಗಿಯಿತು.

ಮೂರನೆಯತಂತಿ

ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ನಿಮ್ಮ ವೇಗವರ್ಧಕ ಅದೇ ಬೀಕರಿನಲ್ಲಿ, ಎರಡು ಸೆಂಟಿಮೀಟರ್ ಆಚೆ ತೂಗಾಡುತ್ತಿದೆ.

ನೀವು ಕಾರ್ಬನ್ ಕಡೆ ಜಲಜನಕ ಬಿಡಿಸುವಾಗ ಅಷ್ಟೇ ಕರೆಂಟು ಪ್ಲಾಟಿನಂ ತಂತಿಯಲ್ಲೂ ಹಾಯಲೇಬೇಕು. ಅಲ್ಲಿ ಆಮ್ಲಜನಕ ಹೊರಡುತ್ತದೆ, ತಂತಿಯ ಮೇಲ್ಮೈ ಆಕ್ಸೈಡ್ ಆಗುತ್ತದೆ. ಸುತ್ತು ಓಡಿಸಿದಾಗ ಆ ಆಕ್ಸೈಡ್ ಕೂಡುವುದು, ಬಿಡುವುದು ನಡೆದೇ ಇರುತ್ತದೆ, ಒಂದೇ ವೋಲ್ಟೇಜಿನಲ್ಲಿ ಹಿಡಿದಿಟ್ಟಾಗಿನದಕ್ಕಿಂತ ಹೀಗೆ ಏರಿಳಿತವಾದಾಗ ಪ್ಲಾಟಿನಂ ಹೆಚ್ಚು ಕರಗುತ್ತದೆ. ಕರಗಿದ್ದು ದ್ರಾವಣದಲ್ಲಿ ತೇಲಿಬಂದು, ನೀವು ಋಣ ವೋಲ್ಟೇಜಿನಲ್ಲಿ ಇಟ್ಟಿರುವ ಕಾರ್ಬನ್ ಮೇಲೆ ಲೋಹವಾಗಿ ಕೂರುತ್ತದೆ. ಜಲಜನಕ ಬಿಡಿಸಲು ಚದರ ಸೆಂಟಿಮೀಟರಿಗೆ ಕೆಲವೇ ಮೈಕ್ರೋಗ್ರಾಂ ಪ್ಲಾಟಿನಂ ಸಾಕು. ಅಷ್ಟು ಕೂತರೆ ಕಣ್ಣಿಗೆ ಏನೂ ಕಾಣುವುದಿಲ್ಲ.

ಇದಕ್ಕೆ ನಿಮ್ಮ ರೆಫರೆನ್ಸ್ ಎಲೆಕ್ಟ್ರೋಡ್ ಕೂಡ ಕುಮ್ಮಕ್ಕು ಕೊಟ್ಟಿದೆ. ಸಿಲ್ವರ್ ಕ್ಲೋರೈಡ್ ಕೊಳವೆಯ ತುದಿಯ ರಂಧ್ರದಿಂದ ಕ್ಲೋರೈಡ್ ನಿಧಾನವಾಗಿ ಸೋರುತ್ತದೆ. ಕ್ಲೋರೈಡ್ ಸಿಕ್ಕರೆ ಪ್ಲಾಟಿನಂ ಇನ್ನೂ ಸುಲಭವಾಗಿ ಕರಗುತ್ತದೆ.

ಹಸಿರುಪದರ

ಒಂದು ನಿಮಿಷ. ಬರಿಯ ಕಾರ್ಬನ್ನಿಗೂ ಅದೇ ತಂತಿ, ಅದೇ ಆಮ್ಲ, ಅದೇ 5 ದಿನ. ಪ್ಲಾಟಿನಂ ಬಂದು ಕೂತಿದ್ದರೆ ಅದರ ಮೇಲೂ ಕೂರಬೇಕಿತ್ತಲ್ಲ? ಅದು 80 ಮಿಲಿವೋಲ್ಟ್ ಮಾತ್ರ ಸುಧಾರಿಸಿದೆ, ಪದರದ್ದು 350. ಈ ವ್ಯತ್ಯಾಸವಾದರೂ ಪಾಲಿಮರ್‌ಗೆ ಸಲ್ಲಬೇಕು.

ಗಾಜಿನಕಡ್ಡಿ

ಸರಿಯಾದ ಪ್ರಶ್ನೆ! ಇದಕ್ಕೆ ಉತ್ತರ ಕೊಡಿ.

ಹಳೆಯಬೀಕರ್

ಕೊಡುತ್ತೇನೆ, ಯಾಕೆಂದರೆ ಇದೇ ಹಳ್ಳಕ್ಕೆ ನಾನೂ ಬಿದ್ದವನು. ನನ್ನದು ಪಾಲಿಪೈರೋಲ್. ಆಗ ಮೂರು ತಿಂಗಳ ಅಂಕಿಅಂಶಗಳನ್ನು ಕಸದ ಬುಟ್ಟಿಗೆ ಹಾಕಿದ್ದೇನೆ.

ಹಸಿರು ಬಣ್ಣದ ಪಾಲಿಅನಿಲೀನ್ ಎಂದರೆ ಎಮೆರಾಲ್ಡೀನ್ ಲವಣ. ಅದರ ಸರಪಳಿಯ ಮೇಲೆ ಧನ ಆವೇಶ ಇರುತ್ತದೆ, ಆ ಆವೇಶ ತೂಗಿಸಲು ಋಣ ಅಯಾನುಗಳು ಒಳಗೆ ಬಂದು ಕೂರುತ್ತವೆ. ನಿಮ್ಮಲ್ಲಿ ಅವು ಸಲ್ಫೇಟ್‌ಗಳು. ನೀರು ಮೆದುಗೊಳಿಸುವ ಯಂತ್ರದ ರಾಳ ಇರುತ್ತದಲ್ಲ, ಹೆಚ್ಚುಕಡಿಮೆ ಅದೇ ತತ್ವ, ಆವೇಶ ಮಾತ್ರ ಅದಲುಬದಲು. ಕ್ಲೋರೈಡ್ ಜೊತೆ ಕರಗಿದ ಪ್ಲಾಟಿನಂ ಯಾವ ರೂಪದಲ್ಲಿರುತ್ತದೆ? ನಾಲ್ಕೋ ಆರೋ ಕ್ಲೋರೈಡ್ ಸುತ್ತುವರಿದ, ಎರಡು ಋಣ ಆವೇಶದ ಅಯಾನು. ಪದರ ಅದನ್ನು ಎರಡೂ ಕೈ ಚಾಚಿ ಕರೆದುಕೊಳ್ಳುತ್ತದೆ. ಬೇಕೆಂದೇ ಪಾಲಿಅನಿಲೀನ್ ಒಳಗೆ ಪ್ಲಾಟಿನಂ ತುಂಬಿಸುವವರು ಮಾಡುವುದೂ ಇದನ್ನೇ: ಕ್ಲೋರೋಪ್ಲಾಟಿನೇಟ್ ದ್ರಾವಣದಲ್ಲಿ ನೆನೆಸಿ ಆಮೇಲೆ ಅಪಕರ್ಷಿಸುತ್ತಾರೆ. ಬರಿಯ ಕಾರ್ಬನ್ನಿಗೆ ಈ ಹಿಡಿದಿಟ್ಟುಕೊಳ್ಳುವ ಗುಣ ಇಲ್ಲ. ಆದ್ದರಿಂದ ನಿಮ್ಮ ಹೋಲಿಕೆಯ ಪ್ರಯೋಗ ಹೋಲಿಕೆಯೇ ಅಲ್ಲ.

ಒಂದು ವಿವರ ಹೇಳಿ. ಸುಧಾರಣೆ ದಿನವಿಡೀ ನಿಧಾನವಾಗಿ ಆಗುತ್ತಿತ್ತೇ, ಅಥವಾ ಬೆಳಿಗ್ಗೆ ಬಂದು ನೋಡಿದಾಗ ಒಮ್ಮೆಲೇ ಜಿಗಿದಿರುತ್ತಿತ್ತೇ? ರಾತ್ರಿ ಎಲೆಕ್ಟ್ರೋಡ್ ಎಲ್ಲಿಡುತ್ತಿದ್ದಿರಿ?

ಹಸಿರುಪದರ

ಈಗ ಟಿಪ್ಪಣಿ ಪುಸ್ತಕ ತೆರೆದು ನೋಡಿದೆ. ರಾತ್ರಿ ಅದೇ ಆಮ್ಲದಲ್ಲಿ ಮುಳುಗಿಸಿ, ತಂತಿಗಳನ್ನು ಬಿಚ್ಚಿ ಮನೆಗೆ ಹೋಗುತ್ತಿದ್ದೆ. ಸಂಜೆ ಹೊರಡುವಾಗ ಹಸಿರು ಮಿರುಗು ಪೂರ್ತಿ ಮಾಯವಾಗಿ ಮಂಕಾಗಿರುತ್ತಿತ್ತು, ಬೆಳಿಗ್ಗೆ ಮತ್ತೆ ಹಸಿರು. ‘ಪದರ ಚೇತರಿಸಿಕೊಂಡಿದೆ’ ಎಂದು ಪಕ್ಕದಲ್ಲಿ ಬರೆದುಕೊಂಡಿದ್ದೇನೆ.

ಮತ್ತು ಹೌದು. ಪ್ರತಿ ದಿನದ ಮೊದಲ ಹತ್ತು ಸುತ್ತಿನೊಳಗೇ ದೊಡ್ಡ ಜಿಗಿತ ಇದೆ. ಉಳಿದ 490 ಸುತ್ತಿನಲ್ಲಿ ಅಲ್ಪಸ್ವಲ್ಪ.

ಹಳೆಯಬೀಕರ್

ಅಲ್ಲಿಗೆ ಆಯಿತು. ಹಗಲು ಋಣ ವೋಲ್ಟೇಜಿನಲ್ಲಿ ಪದರ ಪೂರ್ತಿ ಅಪಕರ್ಷಣಗೊಂಡು ಲ್ಯೂಕೊಎಮೆರಾಲ್ಡೀನ್ ಆಗಿ ಮಂಕಾಗುತ್ತದೆ, ಆಗ ಆವೇಶ ಇಲ್ಲ, ಹಿಡಿತವೂ ಇಲ್ಲ. ರಾತ್ರಿ ಗಾಳಿಯ ಆಮ್ಲಜನಕ ತಾಗಿ ಮತ್ತೆ ಹಸಿರಾಗುತ್ತದೆ, ಆವೇಶ ಮರಳುತ್ತದೆ, ಹಗಲಿಡೀ ಕರಗಿದ ಪ್ಲಾಟಿನಂ ಒಳಗೆ ಬಂದು ಕೂರುತ್ತದೆ. ಬೆಳಿಗ್ಗೆ ನೀವು ಸ್ವಿಚ್ ಒತ್ತಿದ ತಕ್ಷಣ ಅದೆಲ್ಲ ಲೋಹವಾಗುತ್ತದೆ. ಅದೇ ನಿಮ್ಮ ಜಿಗಿತ.

ಸಂದೇಹಪ್ರಾಣಿ

ಇನ್ನೊಂದು ಮಾತು ಸೇರಿಸುತ್ತೇನೆ, ಇದನ್ನು ಮೊದಲೇ ಹೇಳಬೇಕಿತ್ತು. ಲ್ಯೂಕೊಎಮೆರಾಲ್ಡೀನ್ ವಿದ್ಯುತ್ ಹರಿಸುವುದೇ ಇಲ್ಲ! ನಿಮ್ಮ ಆಮ್ಲದಲ್ಲಿ ಜಲಜನಕ ಹೊರಡಲು ಆರಂಭವಾಗುವುದೇ ಸುಮಾರು −0.2 ವೋಲ್ಟ್‌ನಿಂದ ಕೆಳಗೆ, ಪದರ ನಿದ್ದೆಗೆ ಜಾರುವುದು ಅದಕ್ಕೂ ಮೊದಲೇ. ನಿದ್ದೆಯಲ್ಲಿರುವವನು ಕೆಲಸ ಮಾಡಿದ ಎಂದು ಸಂಬಳ ಕೇಳುತ್ತಿದ್ದೀರಿ. ಮೊದಲ ದಿನ ಕಂಡದ್ದು ಬಹುಶಃ ಪದರದ ರಂಧ್ರಗಳ ಮೂಲಕ ಆಮ್ಲ ಇಳಿದು ಅಡಿಯ ಕಾರ್ಬನ್ನಿನ ಮೇಲೆ ನಡೆದ ಕ್ರಿಯೆ. −0.71 ಮತ್ತು −0.74, ಎರಡೂ ಒಂದೇ ತಾನೇ?

ಪೆಡಾಟ್‌ಪ್ರಿಯೆ

ಇದು ಪಾಲಿಅನಿಲೀನ್‌ನ ಮಾತು. ‘ವಾಹಕ ಪಾಲಿಮರ್ ಎಂದರೆ ಋಣ ವೋಲ್ಟೇಜಿನಲ್ಲಿ ಸತ್ತಂತೆ’ ಎಂದು ಯಾರೂ ಎಲ್ಲಕ್ಕೂ ಅನ್ವಯಿಸಬೇಡಿ. ಪೆಡಾಟ್ ಇನ್ನಷ್ಟು ಕೆಳಗಿನವರೆಗೂ ವಾಹಕವಾಗಿರುತ್ತದೆ. ಪಾಲಿಅನಿಲೀನ್‌ಗೆ ಇನ್ನೊಂದು ರಗಳೆ ಪಿಎಚ್: ಸುಮಾರು 4ರ ಮೇಲೆ ಹೋದರೆ ಪ್ರೋಟಾನ್ ಕಳೆದುಕೊಂಡು ಕೆಲಸ ನಿಲ್ಲಿಸಿಬಿಡುತ್ತದೆ.

ಕಲ್ಲಿದ್ದಲು

ಎಲ್ಲರೂ ಪಾಲಿಅನಿಲೀನ್ ಮೇಲೆ ಕಲ್ಲೆಸೆಯುತ್ತಿದ್ದೀರಿ. ಇಂಧನಕೋಶಗಳಲ್ಲಿ ಪ್ಲಾಟಿನಂ ಬದಲಿಗೆ ಬಳಸಲು ಪಾಲಿಅನಿಲೀನ್, ಕಬ್ಬಿಣ, ಕೋಬಾಲ್ಟ್ ಸೇರಿಸಿ ಮಾಡಿದ ವೇಗವರ್ಧಕ 2011ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಿಂದ ಬಂದು ಹೆಸರು ಮಾಡಿತು. ಅದು ಸುಳ್ಳೇ?

ಹಳೆಯಬೀಕರ್

ಸುಳ್ಳಲ್ಲ, ಅದರಲ್ಲಿ ಪಾಲಿಅನಿಲೀನ್ ಉಳಿದಿಲ್ಲ. 900 ಡಿಗ್ರಿ ಆಸುಪಾಸಿನಲ್ಲಿ ಸುಟ್ಟ ಮೇಲೆ ಸಿಗುವುದು ಸಾರಜನಕ, ಲೋಹ ಸೇರಿದ ಕಾರ್ಬನ್. ಸುಟ್ಟ ಮೇಲೆ ಸೌದೆಯನ್ನು ಮರ ಎಂದು ಕರೆಯುತ್ತೀರಾ?

ಕಲ್ಲಿದ್ದಲು

2006ರಲ್ಲಿ ಅದೇ ಪ್ರಯೋಗಾಲಯದ ಕೋಬಾಲ್ಟ್–ಪಾಲಿಪೈರೋಲ್ ಇತ್ತಲ್ಲ, ಅದನ್ನು ಸುಟ್ಟಿರಲಿಲ್ಲ.

ಹಳೆಯಬೀಕರ್

ಅದು ಒಪ್ಪಬೇಕಾದ ಮಾತು, ಸುಟ್ಟಿರಲಿಲ್ಲ. ಆದರೂ ಅಲ್ಲಿ ಕೆಲಸ ಮಾಡುವ ಜಾಗ ಕೋಬಾಲ್ಟ್, ಪಾಲಿಪೈರೋಲ್ ಅದನ್ನು ಸಾರಜನಕದ ಕೈಗಳಿಂದ ಹಿಡಿದುಕೊಂಡಿರುತ್ತದೆ ಎಂಬುದೇ ಅದರ ಹಿಂದಿನ ವಿಚಾರ. ಪಾಲಿಮರ್‌ಗೆ ಅದೂ ಗೌರವದ ಕೆಲಸವೇ. ಲೋಹ ಕರಗಿಹೋಗದಂತೆ, ಗಂಟುಕಟ್ಟದಂತೆ ಹರಡಿ ಹಿಡಿಯುವುದು ಸಣ್ಣ ಕೆಲಸವಲ್ಲ.

ಗಾಜಿನಕಡ್ಡಿ

ಹಾಗಾದರೆ ಹಸಿರುಪದರ ಅವರು ತಿಳಿಯದೆ ಒಳ್ಳೆಯ ಪ್ಲಾಟಿನಂ ವೇಗವರ್ಧಕ ಮಾಡಿದ್ದಾರೆ ಎಂದಾಯಿತು. ಅದನ್ನೇ ಬರೆದುಕೊಳ್ಳಲಿ!

ಮೂರನೆಯತಂತಿ

ಬರೆದುಕೊಳ್ಳಲಿ, ಆದರೆ ಎಷ್ಟು ಪ್ಲಾಟಿನಂ ಇದೆ ಎಂದು ಅಳೆದು, ಬೇಕೆಂದೇ ಸೇರಿಸಿ ಬರೆದುಕೊಳ್ಳಲಿ. ಕಳ್ಳ ಬಂದು ದುಡ್ಡಿಟ್ಟು ಹೋದ ಎಂದು ಅದನ್ನು ವ್ಯಾಪಾರದ ಲಾಭಕ್ಕೆ ಸೇರಿಸಲಾಗುವುದಿಲ್ಲ.

ಹಸಿರುಪದರ ಅವರೇ, ಹೀಗೆ ಮಾಡಿ. ಹೊಸ ಗ್ಲಾಸಿ ಕಾರ್ಬನ್, ಹೊಸ ಆಮ್ಲ. ಗಾಜಿನ ಪಾತ್ರೆಯಲ್ಲಿ ಹಳೆಯ ಪ್ಲಾಟಿನಂ ಉಳಿದಿರಬಹುದು, ಚೆನ್ನಾಗಿ ತೊಳೆಯಿರಿ, ಸಾಧ್ಯವಾದರೆ ಬೇರೆ ಪಾತ್ರೆಯನ್ನೇ ತೆಗೆದುಕೊಳ್ಳಿ. ಕೌಂಟರ್ ಆಗಿ ಗ್ರಾಫೈಟ್ ಕಡ್ಡಿ, ಅದನ್ನೂ ಸರಂಧ್ರ ಗಾಜಿನ ತಳವಿರುವ ಕೊಳವೆಯೊಳಗೆ ಬೇರೆಯಾಗಿಡಿ. ಪದರ ಬೆಳೆಸುವಾಗಲೂ ಪ್ಲಾಟಿನಂ ಬೇಡ. ಹಳೆಯ ಪದರವನ್ನು ಎಸೆಯಬೇಡಿ, ಅದನ್ನು ರಾಜಾಮ್ಲದಲ್ಲಿ ಕರಗಿಸಿ ಲೋಹ ವಿಶ್ಲೇಷಣೆಗೆ ಕೊಡಿ.

ಸಯನೈಡ್ ಹಾಕಿ ‘ವಿಷ ಪರೀಕ್ಷೆ’ ಮಾಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕಿವಿಗೊಡಬೇಡಿ. ಆಮ್ಲದಲ್ಲಿ ಅದು ಹೈಡ್ರೋಜನ್ ಸಯನೈಡ್ ಆಗುತ್ತದೆ, ಎಲೆಕ್ಟ್ರೋಡಿಗಿಂತ ಮೊದಲು ನಿಮಗೇ ವಿಷ.

ದಪ್ಪಪದರ

ತಡವಾಗಿ ಬಂದೆ. 25 ಸುತ್ತು ಎಂದರೆ ಪದರ ಬಹಳ ದಪ್ಪವಾಗಿರಬೇಕು. ಜನ ದಪ್ಪವಾದಷ್ಟೂ ಒಳ್ಳೆಯದು ಎಂದುಕೊಳ್ಳುತ್ತಾರೆ. ಅಣು ಒಳಗೆ ಇಳಿಯಬೇಕು, ಎಲೆಕ್ಟ್ರಾನ್ ಅಡಿಯಿಂದ ಮೇಲಕ್ಕೆ ಬರಬೇಕು, ಎರಡೂ ಎಲ್ಲಿ ಭೇಟಿಯಾಗುತ್ತವೋ ಅಲ್ಲಿ ಮಾತ್ರ ಕ್ರಿಯೆ. ಅದಕ್ಕಿಂತ ಆಚೆಗಿನ ದಪ್ಪ ಬರೀ ಹೊರೆ. ಪಾಲಿಪೈರೋಲ್‌ಗೆ ನಾವು ಬಳಸುವ ಅಂದಾಜು: ಚದರ ಸೆಂಟಿಮೀಟರಿಗೆ ಸುಮಾರು 240 ಮಿಲಿಕೂಲಂ ಹಾಯಿಸಿದರೆ ಒಂದು ಮೈಕ್ರೋಮೀಟರ್ ದಪ್ಪ.

ಇನ್ನೊಂದು: +0.9ರವರೆಗೆ ಎಲ್ಲ ಸುತ್ತುಗಳನ್ನೂ ಓಡಿಸಬೇಡಿ. ಮೊದಲ ಎರಡು ಮೂರು ಸುತ್ತಿಗೆ ಅಷ್ಟು ಎತ್ತರ ಬೇಕು, ಬೀಜ ಬಿದ್ದ ಮೇಲೆ ಪದರ ತಾನೇ ತನ್ನ ಬೆಳವಣಿಗೆಯನ್ನು ಚುರುಕುಗೊಳಿಸುತ್ತದೆ, ಆಗ 0.75ಕ್ಕೆ ಇಳಿಸಿ. ಮೇಲೆಯೇ ಇಟ್ಟರೆ ಅತಿ ಉತ್ಕರ್ಷಣವಾಗಿ ಸರಪಳಿ ತುಂಡಾಗಿ ಬೆಂಜೋಕ್ವಿನೋನ್ ಬಿಡುತ್ತದೆ. ನಿಮ್ಮ ಗ್ರಾಫಿನಲ್ಲಿ 0.5 ವೋಲ್ಟ್ ಹತ್ತಿರ ನಡುವಿನ ಪುಟ್ಟ ಶಿಖರ ಇದೆಯೇ?

ಹಸಿರುಪದರ

ಇದೆ. ಅದನ್ನು ಪಾಲಿಅನಿಲೀನ್‌ನದೇ ಮೂರನೆಯ ಶಿಖರ ಎಂದು ಗುರುತು ಹಾಕಿದ್ದೆ.

ದಪ್ಪಪದರ

ಅದು ಪದರದ ನರಳಾಟ.

ಬಾಟಲಿಮುಚ್ಚಳ

ಅನಿಲೀನ್ ಬಟ್ಟಿ ಇಳಿಸಿದ್ದೀರಾ? ಕಂದು ಬಣ್ಣ ಬಂದದ್ದನ್ನು ಹಾಗೆಯೇ ಸುರಿದರೆ ಮೊದಲ ದಿನದಿಂದಲೇ ಕೆಟ್ಟ ಪದರ. ನಮ್ಮಲ್ಲಿ ಒಬ್ಬರು ಚಹಾ ಡಿಕಾಕ್ಷನ್ ಬಣ್ಣದ್ದನ್ನು ಬಳಸಿ ‘ಹೊಸ ಬಗೆಯ ಪದರ’ ಎಂದು ಕುಣಿದಾಡಿದ್ದರು.

ಹಸಿರುಪದರ

ಬಟ್ಟಿ ಇಳಿಸಿದ್ದೆ. ಅದೊಂದಾದರೂ ಸರಿ ಮಾಡಿದ್ದೇನೆ.

ತುಕ್ಕುವೈದ್ಯ

ಪಾಲಿಅನಿಲೀನ್‌ಗೆ ತುಕ್ಕು ತಡೆಯುವ ಕೆಲಸವೂ ಉಂಟು. ಸ್ಟೇನ್‌ಲೆಸ್ ಉಕ್ಕಿನ ಮೇಲೆ ಇದರ ಲೇಪವಿದ್ದರೆ ಆಮ್ಲದಲ್ಲೂ ಉಕ್ಕಿನ ರಕ್ಷಣಾ ಆಕ್ಸೈಡ್ ಉಳಿಯುತ್ತದೆ ಎಂದು ಡಿಬೆರಿ ಎಂಬ ಸಂಶೋಧಕರು 1985ರಲ್ಲೇ ತೋರಿಸಿದ್ದರು. ಅಲ್ಲೂ ಪದರ ಮಧ್ಯವರ್ತಿಯಂತೆ ಗಾಳಿಯ ಆಮ್ಲಜನಕದಿಂದ ಪಡೆದು ಲೋಹವನ್ನು ಉತ್ಕರ್ಷಿತ ಸ್ಥಿತಿಯಲ್ಲಿ ಹಿಡಿದಿಡುತ್ತದೆ. ಹಗಲು ಮಂಕು, ರಾತ್ರಿ ಹಸಿರು ಎಂದಿರಲ್ಲ, ಅದನ್ನು ಓದಿ ಇದು ನೆನಪಾಯಿತು. ಗಾಳಿ ತಾಗಿದರೆ ತಾನೇ ಮರಳಿ ಹಸಿರಾಗುವ ಆ ಗುಣವೇ ಅಲ್ಲಿನ ಬಂಡವಾಳ.

ಹಸಿರುಪದರ

ಒಂಬತ್ತು ದಿನಗಳ ಮೇಲೆ ಬಂದಿದ್ದೇನೆ. ಮೂರನೆಯತಂತಿ ಅವರು ಹೇಳಿದ ಹಾಗೆಯೇ ಮಾಡಿದೆ.

ಗ್ರಾಫೈಟ್ ಕಡ್ಡಿ, ಬೇರೆ ಕೊಳವೆ, ಹೊಸ ಪಾತ್ರೆ. ಐದು ದಿನ, ದಿನಕ್ಕೆ 500 ಸುತ್ತು, ರಾತ್ರಿ ಅದೇ ಆಮ್ಲದಲ್ಲಿ. ಮೊದಲ ದಿನ −0.72, ಐದನೆಯ ದಿನ −0.73. ಇಳಿಜಾರು 121. ಬೆಳಿಗ್ಗೆ ಪದರ ಹಸಿರಾಗುತ್ತಿತ್ತು, ಜಿಗಿತ ಮಾತ್ರ ಇರಲಿಲ್ಲ. ಹಳೆಯ ಪದರ ಕರಗಿಸಿದ ದ್ರಾವಣದಲ್ಲಿ ಪ್ಲಾಟಿನಂ ಸಿಕ್ಕಿತು, ಹೊಸದರಲ್ಲಿ ಉಪಕರಣಕ್ಕೆ ಏನೂ ಕಾಣಲಿಲ್ಲ.

ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಆಮೇಲೆ ಸಂದೇಹಪ್ರಾಣಿ ಅವರ ‘ನಿದ್ದೆ’ಯ ಮಾತು ನೆನಪಾಯಿತು. ಪದರ ಎಚ್ಚರವಿರುವ ವೋಲ್ಟೇಜಿನಲ್ಲೇ ನಡೆಯುವ ಕ್ರಿಯೆ ಕೊಟ್ಟು ನೋಡಿದರೆ? ಅದೇ ಆಮ್ಲಕ್ಕೆ ಹೈಡ್ರೋಕ್ವಿನೋನ್ ಹಾಕಿದೆ. ಬರಿಯ ಕಾರ್ಬನ್ನಿನಲ್ಲಿ ಉತ್ಕರ್ಷಣ, ಅಪಕರ್ಷಣದ ಶಿಖರಗಳ ನಡುವೆ 340 ಮಿಲಿವೋಲ್ಟ್ ಅಂತರ. ಪದರದ ಮೇಲೆ 90. ಅಂತರ ಕಡಿಮೆಯಾದಷ್ಟೂ ಕ್ರಿಯೆ ಸಲೀಸು ಎಂದರ್ಥ.

ಗಾಜಿನಕಡ್ಡಿ

ನಾನು ಹೇಳಲಿಲ್ಲವೇ!

ದಪ್ಪಪದರ

ತಡೆಯಿರಿ. ಹೈಡ್ರೋಕ್ವಿನೋನ್ ಶಿಖರ ಬರುವುದು 0.5 ವೋಲ್ಟ್ ಆಸುಪಾಸಿನಲ್ಲಿ. ಪದರ ಕೆಟ್ಟಾಗ ಬರುವ ಶಿಖರವೂ ಅಲ್ಲಿಯೇ, ಅದೂ ಕ್ವಿನೋನ್‌ನದೇ. ಖಾಲಿ ಆಮ್ಲದಲ್ಲಿ ಪದರವನ್ನು ಓಡಿಸಿ ನೋಡಿದಿರಾ?

ಹಸಿರುಪದರ

ನೋಡಿದೆ. ಈ ಬಾರಿ ನಿಮ್ಮ ಮಾತಿನಂತೆ ಮೂರು ಸುತ್ತಿನ ನಂತರ 0.75ಕ್ಕೆ ಇಳಿಸಿ, ಒಟ್ಟು ಎಂಟೇ ಸುತ್ತಿನಲ್ಲಿ ತೆಳುವಾಗಿ ಬೆಳೆಸಿದ್ದೆ. ಖಾಲಿ ಆಮ್ಲದಲ್ಲಿ ಆ ಜಾಗದಲ್ಲಿ ಬರೀ ಒಂದು ಸಣ್ಣ ಉಬ್ಬು. ಹೈಡ್ರೋಕ್ವಿನೋನ್ ಹಾಕಿದ ಮೇಲೆ ಅದರ ಒಂಬತ್ತು ಪಟ್ಟು. ಉಬ್ಬನ್ನು ಕಳೆದೇ ಮೇಲಿನ ಅಂಕಿ ಬರೆದಿದ್ದೇನೆ.

ಇಳಿಜಾರುರೇಖೆ

ಇದನ್ನು ಒಪ್ಪುತ್ತೇನೆ. ಆದರೂ ವೋಲ್ಟೇಜು ಏರಿಳಿಸುವ ವೇಗ ಬದಲಿಸಿ ಓಡಿಸಿ. ಶಿಖರದ ಎತ್ತರ ವೇಗದ ವರ್ಗಮೂಲದಂತೆ ಏರಿದರೆ ಅಣು ದ್ರಾವಣದಿಂದ ಬರುತ್ತಿದೆ ಎಂದರ್ಥ. ವೇಗಕ್ಕೇ ನೇರವಾಗಿ ಏರಿದರೆ ಪದರದ ರಂಧ್ರಗಳಲ್ಲಿ ಸಿಕ್ಕಿಕೊಂಡದ್ದು, ಆಗ 90 ಮಿಲಿವೋಲ್ಟ್‌ಗೆ ಅಷ್ಟು ಅರ್ಥವಿಲ್ಲ.

ಹಸಿರುಪದರ

ನಾಳೆ ಓಡಿಸುತ್ತೇನೆ. ಕೌಂಟರ್ ಗ್ರಾಫೈಟೇ, ಈ ಸಲ ಮೊದಲ ಸಾಲಿನಲ್ಲೇ ಬರೆಯುತ್ತೇನೆ.

ಸುಮ್ಮನೆ_ಓದುಗ

ಆ ಹಳೆಯ ಪ್ಲಾಟಿನಂ ತಂತಿಯನ್ನು ತೂಗಿ ನೋಡಿದಿರಾ? ಎಷ್ಟು ಸವೆದಿದೆ?

ಹಸಿರುಪದರ

ತೂಗಿದೆ. ತಕ್ಕಡಿಗೆ ಏನೂ ಗೊತ್ತಾಗಲಿಲ್ಲ.